ಟಿಪ್ಪುವಿನ ಸೋದರಳಿಯ ಕ್ಯಾಪ್ಟನ್ ನೆಮೋ

ನಾಟಿಲಸ್ ಜಲಾಂತರ್ಗಾಮಿಯ ಮೇಲೆ ದೈತ್ಯ ಸ್ಕ್ವಿಡ್ ಎರಗಿದಾಗ ಮಗಳು ದಿಂಬು ಅವುಚಿಕೊಂಡು ಕೂತಳು. 1954ರ ‘20,000 ಲೀಗ್ಸ್ ಅಂಡರ್ ದಿ ಸೀ’ ಚಿತ್ರವನ್ನು ಅವಳಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆ. ಮಳೆ ಬಿಡದ ಒಂದು ಭಾನುವಾರ, ಮೈಸೂರಿನ ನಮ್ಮ ಮನೆಯಲ್ಲಿ ಅದು ಕೈಗೂಡಿತು. ಈ ಕಾಳಗವನ್ನು ಮೊದಲು ಸಂಜೆಗೆಂಪಿನಲ್ಲಿ, ಶಾಂತ ಸಮುದ್ರದ ಮೇಲೆ ಚಿತ್ರಿಸಿದ್ದರು. ಸ್ಕ್ವಿಡ್ಡನ್ನು ಆಡಿಸುವ ತಂತಿಗಳೆಲ್ಲ ಕಾಣತೊಡಗಿದವು. ನಿರ್ದೇಶಕ ರಿಚರ್ಡ್ ಫ್ಲೈಷರ್ ಅಷ್ಟನ್ನೂ ಬಿಟ್ಟು ರಾತ್ರಿಯ ಬಿರುಗಾಳಿಯಲ್ಲಿ ಮತ್ತೆ ತೆಗೆದರು. ಎಪ್ಪತ್ತು ವರ್ಷದ ಮೇಲೂ ಮಕ್ಕಳ ಎದೆ ನಡುಗಿಸುತ್ತದೆ ಅದು.

ನನ್ನ ಕಣ್ಣು ಮಾತ್ರ ನಟ ಜೇಮ್ಸ್ ಮೇಸನ್ ಮೇಲೇ ಇತ್ತು. ಕಡಲಾಳದಲ್ಲಿ ಆರ್ಗನ್ ನುಡಿಸುವ, ಮದ್ದುಗುಂಡಿನ ಸಾಮಗ್ರಿ ಹೊತ್ತ ಹಡಗುಗಳನ್ನು ಮುಳುಗಿಸುವ ಕ್ಯಾಪ್ಟನ್ ನೆಮೋ ಆತನ ಪಾತ್ರ. ಹೆಂಡತಿ ಮಗುವನ್ನು ಚಿತ್ರಹಿಂಸೆ ಕೊಟ್ಟು ಕೊಂದ ದೇಶದ ಮೇಲೆ ಅವನ ಹಗೆ. ಅದು ಯಾವ ದೇಶವೆಂದು ಚಿತ್ರ ಹೇಳುವುದಿಲ್ಲ.

“ಇವನು ಯಾವ ಊರವನಪ್ಪಾ?” ಎಂದಳು ಮಗಳು.

“ಶ್ರೀರಂಗಪಟ್ಟಣದವರ ನೆಂಟ ಕಣಮ್ಮ.”

ಅವಳು ನಂಬಲಿಲ್ಲ. ಕಪಾಟಿನಿಂದ ಜೂಲ್ಸ್ ವರ್ನ್‌ನ ‘ದಿ ಮಿಸ್ಟೀರಿಯಸ್ ಐಲ್ಯಾಂಡ್’ ತೆಗೆದು ಕೊನೆಯ ಭಾಗ ತೋರಿಸಿದೆ. 1875ರ ಆ ಕಾದಂಬರಿಯಲ್ಲಿ ಸಾಯುವ ಮುನ್ನ ನೆಮೋ ತನ್ನ ಗುರುತು ಬಿಚ್ಚಿಡುತ್ತಾನೆ: ಬುಂದೇಲಖಂಡದ ರಾಜಕುಮಾರ ಡಕ್ಕಾರ್, ಟಿಪ್ಪು ಸುಲ್ತಾನನ ಸೋದರಳಿಯ, 1857ರ ದಂಗೆಯಲ್ಲಿ ಇಂಗ್ಲಿಷರ ವಿರುದ್ಧ ಕಾದಾಡಿ ತನ್ನವರನ್ನೆಲ್ಲ ಕಳೆದುಕೊಂಡವನು. ಇತಿಹಾಸದಲ್ಲಿ ಅಂಥ ಅಳಿಯ ಇರಲಿಲ್ಲ, ವರ್ನ್ ಕಲ್ಪಿಸಿದ್ದು. ಆದರೂ ಫ್ರಾನ್ಸಿನಲ್ಲಿ ಕೂತ ಲೇಖಕನೊಬ್ಬ ತನ್ನ ಅತಿ ದೊಡ್ಡ ನಾಯಕನಿಗೆ ನಮ್ಮ ಪಕ್ಕದೂರಿನ ನಂಟು ಕಟ್ಟಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಚಿತ್ರಕ್ಕೆ ಆಧಾರವಾದ, ವರ್ನ್‌ನದೇ ಮೊದಲ ಕಾದಂಬರಿಯಲ್ಲಿ ಈ ಗುಟ್ಟು ರಟ್ಟಾಗುವುದಿಲ್ಲ, ನಿಜ. ಸುಳಿವು ಮಾತ್ರ ಅಲ್ಲೇ ಇದೆ. ಸಿಂಹಳದ ಕಡಲಲ್ಲಿ ಮುತ್ತಿಗಾಗಿ ಮುಳುಗಿದ ಬಡ ಭಾರತೀಯನ ಮೇಲೆ ಶಾರ್ಕ್ ಎರಗುತ್ತದೆ. ನೆಮೋ ಬರಿಯ ಕಠಾರಿ ಹಿಡಿದು ಅದರೆದುರು ನಿಲ್ಲುತ್ತಾನೆ. ಬದುಕಿ ಎದ್ದವನ ಕೈಗೆ ಮುತ್ತಿನ ಚೀಲವಿಟ್ಟು ಬರುತ್ತಾನೆ. ತುಳಿತಕ್ಕೊಳಗಾದವರ ನಾಡು ಆ ಭಾರತೀಯನದು, ಕೊನೆಯುಸಿರಿನವರೆಗೂ ನಾನು ಆ ನಾಡಿನವನೇ ಎನ್ನುತ್ತಾನೆ ನೆಮೋ.

ಇನ್ನೊಬ್ಬ ನಟ ಕರ್ಕ್ ಡಗ್ಲಾಸ್ ಹಾಡಿಗೆ, ಸಾಕಿದ ಕಡಲಸಿಂಹದ ಆಟಕ್ಕೆ ಅಷ್ಟು ಹೊತ್ತು ಕೊಟ್ಟ ಚಿತ್ರ ಈ ಪ್ರಸಂಗವನ್ನು ಕೈಬಿಟ್ಟಿದೆ. ಮೇಸನ್‌ನ ಆ ದಣಿದ ದನಿಯಲ್ಲಿ ಆ ಮಾತನ್ನೊಮ್ಮೆ ಕೇಳಬೇಕಿತ್ತು.