ಹಿಂಗಾರ ವಾಲ್‌ಪೇಪರ್: ಜೂನ್‌ನಿಂದ ಆಗಸ್ಟ್‌ವರೆಗೆ ಎಲ್ಲಿಗೆ ಬಂತು

ಜೂನ್

ಮಹಡಿ ಮೇಲಿನ ರೂಮಿನ ಒಂದೇ ಒಂದು ಗೋಡೆ, 350 ಸೆಂಟಿಮೀಟರ್ ಅಗಲ, 290 ಎತ್ತರ. ಅದಕ್ಕೆ ಕೈಯಲ್ಲೇ ಅಚ್ಚು ಒತ್ತಿ ವಾಲ್‌ಪೇಪರ್ ಮಾಡೋದು ಅಂತ ಪ್ಲಾನು. ಇಂಪೋರ್ಟೆಡ್ ಸ್ಯಾಂಪಲ್ ಬುಕ್ಕು ತಿರುವಿ ಹಾಕಿದ್ಮೇಲೆ ಹತ್ತಿದ ಹುಚ್ಚು ಇದು, ಪುಟ ಪುಟಕ್ಕೂ ಪಿಯೋನಿ ಹೂವು, ವಿಸ್ಟೀರಿಯಾ, ಕೊಕ್ಕರೆ, ಬಾಳೆ ಎಲೆ, ರೇಟು ಕೇಳಿದ್ರೆ ಎದೆ ಧಸಕ್ ಅನ್ನತ್ತೆ. ಚೆನ್ನಾಗಿಲ್ಲ ಅಂತ ಹೇಳ್ತಿಲ್ಲ ಮತ್ತೆ, ಇಂಗ್ಲೆಂಡಿನ ವಾಲ್‌ಪೇಪರ್ ಕಂಪನಿ ಕೋಲ್ ಅಂಡ್ ಸನ್ ಅವರು ಇಟಲಿಯ ಕಲಾವಿದ ಫೋರ್ನಸೆಟ್ಟಿ ಚಿತ್ರಗಳಿಂದ ಮಾಡಿರೋ ಮೋಡದ ಪೇಪರ್ ಇದ್ಯಲ್ಲ, ಕಪ್ಪು ಬಿಳುಪಲ್ಲೇ ಇಡೀ ಗೋಡೆ ಮಳೆಗಾಲ ಮಾಡಿಬಿಡತ್ತೆ, ಅದ್ರ ಮುಂದಿಂದ ಕಾಲು ಕೀಳಕ್ಕೆ ಮನಸಾಗಲ್ಲ.

ಡಿಸೈನು ಅಡಿಕೆ ಹಿಂಗಾರ. ವಾಲ್‌ಪೇಪರ್‌ಗೆ ಇದಕ್ಕಿಂತ ಅನುಕೂಲದ ಹೂವು ಇಲ್ಲ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಎಳೆ ಎಳೆಯಾಗಿ ಹೇಗೆ ಬೇಕಾದ್ರೂ ಬಗ್ಗತ್ತೆ, ಖಾಲಿ ಜಾಗ ಉಳಿದ ಕಡೆ ಇನ್ನೊಂದು ಎಳೆ ಬಿಟ್ರೆ ಆಯ್ತು, ಯಾರೂ ಕೇಳಲ್ಲ. ತಂಗಿ ಮಾತ್ರ, ಮಲೆನಾಡೋರಾಗಿ ಹಸೆ ಚಿತ್ತಾರ ಬಿಟ್ಟು ಇದ್ಯಾಕೆ ಅಂದ್ಲು. ಹಸೆ ಚಿತ್ತಾರ ದೀವರ ಸಮುದಾಯದ ಹೆಣ್ಮಕ್ಕಳು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಪುಂಡಿ ನಾರಿನ ಕುಂಚದಲ್ಲಿ ಎಳೆಯೋದು, ಮದುವೆಗೆ ಅಂತ, ಆ ಮನೆಗೆ ಅಂತ. ಅದನ್ನ ಅಚ್ಚು ಮಾಡಿ ಪಟ್ಟಿಗಟ್ಟಲೆ ಒತ್ತಿಬಿಟ್ರೆ ಅದ್ರಲ್ಲಿ ಏನೂ ಉಳಿಯಲ್ಲ. ಹಿಂಗಾರ ಆದ್ರೆ ತೋಟದ್ದು, ಯಾರ ಹಕ್ಕಿಂದೂ ಅಲ್ಲ.

ಲೆಕ್ಕ ಹೇಳ್ಬಿಡ್ತೀನಿ, ಮಾಡೋರಿಗೆ ಉಪಯೋಗಕ್ಕೆ ಬರತ್ತೆ. ಪಟ್ಟಿ ಅಗಲ 52 ಸೆಂಟಿಮೀಟರ್, ಮಾಮೂಲಿ ಇಂಗ್ಲಿಷ್ ರೋಲಿಂದು ಅಷ್ಟೇ. ಗೋಡೆಗೆ ಆರು ಪೂರ್ತಿ ಪಟ್ಟಿ, ಏಳನೇದು 38ಕ್ಕೆ ಕತ್ತರಿಸಿದ್ದು. ಅಚ್ಚು 26 ಅಗಲ, 26.5 ಎತ್ತರ. ಅಂದ್ರೆ ಪಟ್ಟಿ ಅಗಲಕ್ಕೆ ಎರಡು, ಉದ್ದಕ್ಕೆ ಹನ್ನೆರಡು, ಒಂದು ಬಣ್ಣಕ್ಕೆ 24 ಸಲ ಒತ್ತಬೇಕು. ಬಣ್ಣ ಮೂರು. ಪಟ್ಟಿಗೆ 72. ಅದಕ್ಕಿಂತ ದೊಡ್ಡ ಅಚ್ಚು ಮಾಡಿದ್ರೆ ಒತ್ತೋ ಸಂಖ್ಯೆ ಕಮ್ಮಿ ಆಗತ್ತೆ ನಿಜ, ಆದ್ರೆ ಬಣ್ಣ ತುಂಬಿದ ಅಚ್ಚನ್ನ ಅಲ್ಲಾಡದ ಹಾಗೆ ಇಳಿಸೋಕೆ ಎರಡು ಕೈ ಸಾಲಲ್ಲ.

ಎರಡನೇ ಕಾಲಮ್ಮು ಅರ್ಧ ಅಚ್ಚಿನಷ್ಟು ಕೆಳಗೆ ಇಳಿದಿರತ್ತೆ, ಹಾಫ್ ಡ್ರಾಪ್ ಅಂತಾರಲ್ಲ ಅದು. ಹಾಗೆ ಮಾಡದೆ ಎಲ್ಲಾ ಸಾಲಲ್ಲಿ ಒತ್ತಿದ್ರೆ ದೂರದಿಂದ ಅಡ್ಡಡ್ಡ ಗೆರೆ ಕಾಣಿಸ್ತಾ ಕಣ್ಣಿಗೆ ಹಿಂಸೆ. ಸಾಮಾನ್ಯವಾಗಿ ಹಾಫ್ ಡ್ರಾಪ್ ಅಂದ್ರೆ ಒಂದು ಪಟ್ಟಿ ಮೇಲೆ, ಪಕ್ಕದ್ದು ಕೆಳಗೆ ಅಂತ ಹೊಂದಿಸಿ ಕತ್ತರಿಸಬೇಕು, ಪೇಪರ್ ವೇಸ್ಟು ಜಾಸ್ತಿ. ನಾನು ಇಳಿತಾನ ಪಟ್ಟಿ ಒಳಗೇ ಇಟ್ಟಿದೀನಿ, ಎಡ ಕಾಲಮ್ಮು ಮೇಲೆ, ಬಲ ಕೆಳಗೆ, ಹಾಗಾಗಿ ಪ್ರತಿ ಪಟ್ಟಿನೂ ಒಂದೇ ಥರ ಶುರು ಆಗತ್ತೆ. ಇದು ಹೊಳೆದ ದಿನ ನಿದ್ದೆ ಬರ್ಲಿಲ್ಲ.

ಅಚ್ಚು ಲಿನೋ, ಅಂದ್ರೆ ಕೆತ್ತೋಕೆ ಮೆತ್ತಗಿರೋ ಲಿನೋಲಿಯಂ ಹಾಳೆ, ಕೆಳಗೆ ಪ್ಲೈವುಡ್. ಗುಜರಾತಿನ ಪೇಥಾಪುರದಲ್ಲಿ ಸಾಗುವಾನಿ ಮರದಲ್ಲಿ ಕೆತ್ತೋ ಅಚ್ಚುಗಳು ನೋಡಿದ್ರೆ ಆಸೆ ಆಗತ್ತೆ, ಕೂದಲೆಳೆ ಗೆರೆನೂ ತೆಗೀತಾರೆ, ಆದ್ರೆ ಅದೆಲ್ಲ ಬಟ್ಟೆಗೆ, ಬಟ್ಟೆ ಬಣ್ಣ ಹೀರ್ಕೊಳತ್ತೆ, ಪೇಪರ್ ಮೇಲೆ ಬಣ್ಣ ಕೂತ್ಕೋಬೇಕು. ಎಲೆ ಥರ ಅಗಲವಾದ ಜಾಗ ಗಟ್ಟಿ ಮೇಲ್ಮೈಯಿಂದ ಒತ್ತಿದ್ರೆ ನಡುವೆ ಬಿಳಿ ಬಿಳಿ ಚುಕ್ಕೆ ಬಿಡತ್ತೆ. ಹಳೇ ಯುರೋಪಿನ ಕೆಲಸಗಾರರು ಇದಕ್ಕೇ ಅಚ್ಚಿನ ಅಂಚಿಗೆ ಹಿತ್ತಾಳೆ ಪಟ್ಟಿ ಹೊಡೆದು ಒಳಗೆ ಉಣ್ಣೆ ಫೆಲ್ಟ್ ತುಂಬ್ತಿದ್ರು. ಹಿತ್ತಾಳೆ ನನ್ನ ಕೈಲಾಗದ ಮಾತು, ಫೆಲ್ಟ್ ಮಾತ್ರ ಹಾಕಿದೆ, ಹಾರ್ಮೋನಿಯಂ ರಿಪೇರಿ ಮಾಡೋರ ಹತ್ರ ಒಳ್ಳೇ ದಪ್ಪದ್ದು ಸಿಕ್ತು. ಈಗ ಎಲೆ ತುಂಬಿ ಬರ್ತಿದೆ.

ಜುಲೈ

ಮೊದಲ ಬಣ್ಣ, ಅಂದ್ರೆ ಎಲೆಯ ಕಡು ಹಸಿರು, ಪೂರ್ತಿ ಆಯ್ತು. ಅದಕ್ಕೂ ಮುಂಚೆ ಪೇಪರ್‌ಗೆಲ್ಲ ಬೂದಿ ಹಸಿರು ಗ್ರೌಂಡ್, ಅಂದ್ರೆ ತಳದ ಬಣ್ಣ, ಬ್ರಷ್‌ನಲ್ಲೇ ಬಳಿದಿದ್ದು. ಎರಡನೇದು ಹಿಂಗಾರದ ಕೆನೆ ಬಣ್ಣ, ಅದು ಅರ್ಧ ಆಗಿದೆ. ಒಂಬತ್ತು ಪಟ್ಟಿ (ಏಳು ಗೋಡೆಗೆ, ಎರಡು ಸ್ಪೇರ್) ಹಾಲ್‌ನಲ್ಲಿ ಹಗ್ಗಕ್ಕೆ ನೇತಾಡ್ತಾ ಇವೆ, ಮಳೆ ಬಿಡ್ತಿಲ್ಲ, ಟೆರೇಸ್‌ಗೆ ಒಯ್ಯೋ ಹಾಗಿಲ್ಲ, ಮನೆಯವರೆಲ್ಲ ತಲೆ ಬಗ್ಗಿಸ್ಕೊಂಡೇ ಅಡುಗೆಮನೆಗೆ ಹೋಗ್ತಿದಾರೆ.

ಬಣ್ಣ ಅಂದ್ರೆ ಚಾಕ್ ಪುಡಿ, ಪಿಗ್ಮೆಂಟು, ಅಕ್ರಿಲಿಕ್ ಬೈಂಡರ್. ಹಳೇ ಕಾಲದಲ್ಲಿ ಬೈಂಡರ್ ಜಾಗಕ್ಕೆ ಪ್ರಾಣಿಗಳ ಚರ್ಮದಿಂದ ಕಾಯಿಸಿದ ಅಂಟು, ಅದರ ಮ್ಯಾಟ್ ಫಿನಿಶ್‌ಗೆ ಸಾಟಿ ಇಲ್ಲ ಅಂತಾರೆ, ಆದ್ರೆ ಒದ್ದೆ ಬಟ್ಟೆ ತಾಗಿದ್ರೆ ಹೋಯ್ತು, ಮಕ್ಕಳಿರೋ ಮನೆಗೆ ಆಗಿಬರಲ್ಲ. ಹದ ಹೇಗೆ ಅಂದ್ರೆ ಇಡ್ಲಿ ಹಿಟ್ಟಿಗಿಂತ ಒಂಚೂರು ತೆಳು. ಪಿಗ್ಮೆಂಟ್ ವಿಷಯದಲ್ಲಿ ಒಂದು ಮಾತು, 19ನೇ ಶತಮಾನದ ಯುರೋಪಿನಲ್ಲಿ ಫ್ಯಾಷನ್ ಆಗಿದ್ದ ಹೊಳೆಯೋ ಹಸಿರು ವಾಲ್‌ಪೇಪರ್‌ಗಳಲ್ಲಿ ಆರ್ಸೆನಿಕ್ ಇರ್ತಿತ್ತು, ಶೀಲೆ ಅನ್ನೋ ಕೆಮಿಸ್ಟ್ 1775ರಲ್ಲಿ ಮಾಡಿದ ಹಸಿರು ಮತ್ತೆ ಅದರ ತಮ್ಮಂದಿರು. ಇಂಗ್ಲಿಷ್ ಡಿಸೈನರ್ ವಿಲಿಯಂ ಮಾರಿಸ್ ಅಂತ ವಾಲ್‌ಪೇಪರ್ ದೇವರ ಹಾಗೆ ಪೂಜೆ ಮಾಡ್ತೀವಲ್ಲ, ಅವರ ಮನೆ ದುಡ್ಡು ಬಂದಿದ್ದೇ ಇಂಗ್ಲೆಂಡಿನ ಡೆವನ್ ಕಡೆಯ ಒಂದು ಗಣಿಯ ಷೇರಿಂದ, ತಾಮ್ರದ ಜೊತೆ ಆರ್ಸೆನಿಕ್ಕೂ ತೆಗೀತಿದ್ದ ಗಣಿ ಅದು. ನನ್ನದು ಕ್ರೋಮಿಯಂ ಆಕ್ಸೈಡ್ ಹಸಿರು, ಸ್ವಲ್ಪ ಮಂಕು, ಅಡ್ಡಿಯಿಲ್ಲ.

ಅಚ್ಚಿಗೆ ಬಣ್ಣ ಹಚ್ಚೋಕೆ ರೋಲರ್ ಬಿಟ್ಟು ಹಳೇ ಪದ್ಧತಿ ಹಿಡಿದೆ. ಟ್ರೇ ಮೇಲೆ ಉಣ್ಣೆ ಬಟ್ಟೆ ಬಿಗಿಯಾಗಿ ಎಳೆದು ಕಟ್ಟಿ, ಬಣ್ಣ ಅದ್ರ ಮೇಲೆ ಸಮನಾಗಿ ಸವರಿ, ಅಚ್ಚು ಅದಕ್ಕೆ ಒತ್ತಿ ಆಮೇಲೆ ಪೇಪರ್‌ಗೆ. ಪ್ರತಿ ಸಲನೂ ಬಣ್ಣ ಮತ್ತೆ ಸವರೋಕೆ ಇನ್ನೊಬ್ರು ಬೇಕು. ಇಂಗ್ಲೆಂಡಿನ ಫ್ಯಾಕ್ಟರಿಗಳಲ್ಲಿ ಈ ಕೆಲಸಕ್ಕೆ ಚಿಕ್ಕ ಮಕ್ಕಳನ್ನ ಇಟ್ಕೊಂಡಿದ್ರು, ದಿನವಿಡೀ ನಿಂತು ಬಣ್ಣ ಬಳಿಯೋದೇ ಕೆಲಸ. ನಮ್ಮನೇಲಿ ತಮ್ಮನ ಮಗ ಭಾನುವಾರ ಬಂದು ಮಾಡ್ತಾನೆ, ಕೂಲಿ ಮಸಾಲೆ ದೋಸೆ, ಈಚೆಗೆ ರೇಟ್ ಏರಿಸಿದಾನೆ.

ಅಚ್ಚಿನ ಮೂಲೆಗಳಲ್ಲಿ ಹಿತ್ತಾಳೆ ಗುಂಡುಪಿನ್ ತಲೆ ಮೇಲೆದ್ದಿರೋ ಹಾಗೆ ಹೊಡೆದಿದೀನಿ. ಒತ್ತಿದಾಗ ಅದು ಸಾಸಿವೆಗಿಂತ ಸಣ್ಣ ಚುಕ್ಕೆ ಬಿಡತ್ತೆ, ಮುಂದಿನ ಸಲ ಪಿನ್ನನ್ನ ಆ ಚುಕ್ಕೆ ಮೇಲೇ ಇಳಿಸಿದ್ರೆ ಡಿಸೈನು ಕೂಡ್ಕೊಳತ್ತೆ, ಎರಡನೇ ಬಣ್ಣಕ್ಕೂ ಅದೇ ಗುರುತು. ಕೈಯಲ್ಲಿ ಒತ್ತಿದ ಒರಿಜಿನಲ್ ಹಳೇ ಪೇಪರ್ ಹತ್ರದಿಂದ ನೋಡಿದ್ರೆ ಈ ಚುಕ್ಕೆಗಳು ಕಾಣ್ತವೆ, ಎಷ್ಟೋ ಕಡೆ ಎಲೆ ತುದಿಯಲ್ಲೋ ಹೂವಿನ ನಡುವಲ್ಲೋ ಬಚ್ಚಿಟ್ಟಿರ್ತಾರೆ. ನಾನೂ ಒಂದನ್ನ ಹಿಂಗಾರದ ಮೊಗ್ಗಿನೊಳಗೆ ಸೇರಿಸಿದೆ, ಇನ್ನೊಂದಕ್ಕೆ ಜಾಗ ಸಿಗ್ಲಿಲ್ಲ, ಹಾಗೇ ಕಾಣತ್ತೆ, ಇರ್ಲಿ.

ಮೂರು ಬಣ್ಣಕ್ಕೇ ಸೊಂಟ ಹಿಡ್ಕೊಂಡಿರೋವಾಗ ಫ್ರಾನ್ಸಿನ ಜ್ಯೂಬರ್ ಕಂಪನಿ ಲೆಕ್ಕ ನೆನೆಸಿದ್ರೆ ತಲೆ ತಿರುಗತ್ತೆ. ಅಲ್ಸಾಸಿನ ರಿಕ್ಸ್‌ಹೈಮ್ ಊರಲ್ಲಿ 1797ರಿಂದ ಇರೋರು. 1807ರಲ್ಲಿ ಅವರು ಹೊರತಂದ 'ಹಿಂದೂಸ್ಥಾನ್' ಅನ್ನೋ ದೃಶ್ಯದ ವಾಲ್‌ಪೇಪರ್‌ಗೆ 1,265 ಅಚ್ಚು, 85 ಬಣ್ಣ. ಡಿಸೈನ್ ಮಾಡಿದ ಮೊಂಜಾ ಅನ್ನೋರು ಆನೆ, ಗೋಪುರ, ನದಿ ಘಾಟು ಎಲ್ಲಾನೂ ತೆಗೆದಿದ್ದು ಇಲ್ಲಿ ಸುತ್ತಾಡಿ ಹೋಗಿದ್ದ ಇಂಗ್ಲಿಷ್ ಚಿತ್ರಕಾರ ಥಾಮಸ್ ಡೇನಿಯಲ್ ಮತ್ತೆ ಅವರ ಸೋದರನ ಮಗ ವಿಲಿಯಂ ಮಾಡಿದ ಚಿತ್ರಗಳನ್ನ ನೋಡ್ಕೊಂಡು. ಪ್ಯಾರಿಸ್ ಸಾಹುಕಾರರ ಊಟದ ಮನೇಲಿ ನಮ್ಮ ದೇವಸ್ಥಾನ! ಅವರದೇ 1834ರ ಅಮೆರಿಕದ ದೃಶ್ಯಗಳ ಪೇಪರ್ 1961ರಲ್ಲಿ ಜಾಕಿ ಕೆನಡಿ ವೈಟ್‌ಹೌಸಿಗೆ ಹಾಕಿಸಿದ್ರು, ಅದೂ ಒಂದು ಹಳೇ ಮನೆ ಗೋಡೆಯಿಂದ ಕಿತ್ತು ತಂದಿದ್ದು. ಮಾರಿಸ್ ಕಂಪನಿ 1881ರಲ್ಲಿ ವಿಕ್ಟೋರಿಯಾ ರಾಣಿಯ ಸೇಂಟ್ ಜೇಮ್ಸ್ ಅರಮನೆಗೆ ಅಂತ ಮಾಡಿದ್ದಕ್ಕೆ 68 ಅಚ್ಚು ಬೇಕಾಯ್ತು.

ಇಲ್ಲೇ ನನಗೆ ಈ 'ಲಿಮಿಟೆಡ್ ಎಡಿಷನ್' ಅನ್ನೋ ಲೇಬಲ್ ಮೇಲೆ ಸಿಟ್ಟು ಬರೋದು. ಅಂಗಡಿಯಲ್ಲಿ ನೋಡಿದ ಒಂದು ರೋಲಿಗೆ ಚಿನ್ನದ ಬಣ್ಣದ ಸ್ಟಿಕ್ಕರ್, ನಂಬರ್ ಬೇರೆ, ಆದ್ರೆ ಅದು ಡಿಜಿಟಲ್ ಪ್ರಿಂಟು. ಫೈಲ್ ಕಂಪ್ಯೂಟರಲ್ಲಿ ಕೂತಿದೆ, ನಾಳೆ ಬೇಕಂದ್ರೆ ಇನ್ನೂ ಸಾವಿರ ತೆಗೀಬಹುದು, ತೆಗೆಯಲ್ಲ ಅನ್ನೋದು ಬರೀ ಅವರ ಮಾತು. ಆ ಮಾತು ಎಷ್ಟು ವರ್ಷ ನಿಲ್ಲತ್ತೋ ಯಾರಿಗ್ಗೊತ್ತು, ಫ್ರಾನ್ಸಿನ ಬ್ಯಾಗ್ ಕಂಪನಿ ಲೂಯಿ ವಿಟಾನ್ ಅವರು ಜಪಾನಿನ ಕಲಾವಿದ ತಕಾಶಿ ಮುರಕಾಮಿ ಜೊತೆ 2003ರಲ್ಲಿ ಮಾಡಿದ್ದ ಬಣ್ಣಬಣ್ಣದ ಬ್ಯಾಗು 2025ರಲ್ಲಿ ಮತ್ತೆ ಅಂಗಡಿಗೆ ಬಂತು. ಅದು ತಪ್ಪು ಅಂತಲ್ಲ, ಅವರ ಬ್ಯಾಗು ಅವರಿಷ್ಟ, ಆದ್ರೆ ಹಳೇದಕ್ಕೆ ಸೆಕೆಂಡ್‌ಹ್ಯಾಂಡಲ್ಲಿ ಡಬಲ್ ಕೊಟ್ಟು ತಗೊಂಡೋರ ಮುಖ ನೆನೆಸ್ಕೊಳ್ಳಿ. ಪ್ರಿಂಟ್‌ಮೇಕಿಂಗ್ ಮಾಡೋ ಕಲಾವಿದರದ್ದು ಬೇರೆ ನಿಯತ್ತು, 3/20 ಅಂತ ಪೆನ್ಸಿಲಲ್ಲಿ ಬರೆದ್ರೆ ಇಪ್ಪತ್ತೇ, ಮುಗಿದ ಮೇಲೆ ಪ್ಲೇಟಿಗೆ ಅಡ್ಡ ಗೀಟು ಹೊಡೆದು ಕೆಡಿಸಿಬಿಡೋ ಪದ್ಧತಿ ಇದೆ.

ಇನ್ನೊಂದು ಥರದ ಲಿಮಿಟೆಡ್ ಇದೆ, ಅದು ಯಾರೂ ಹೇಳಿ ಆಗಿದ್ದಲ್ಲ. ನಮ್ಮ ಮೈಸೂರ್ ಸಿಲ್ಕ್ ಅಂಗಡಿ ಮುಂದೆ ಬೆಳಗ್ಗೆ ಬೆಳಗ್ಗೆ ಕ್ಯೂ ನಿಲ್ತಾರಲ್ಲ, ಅಲ್ಲಿ ಸೀರೆ ಕಮ್ಮಿ ಇರೋದು ಮಗ್ಗ ಮತ್ತೆ ಕೈ ಇರೋದೇ ಅಷ್ಟು ಅಂತ. ನನ್ನ ಕೆನೆ ಬಣ್ಣದ ಕಥೆನೂ ಅದೇ. ಒಂದೇ ಬಕೆಟ್‌ನಲ್ಲಿ ಎಲ್ಲಾ ಪಟ್ಟಿಗೂ ಸಾಲೋಷ್ಟು ಕಲಸಿಟ್ಟಿದೀನಿ, ಯಾಕಂದ್ರೆ ಅದೇ ಗ್ರಾಂ ಲೆಕ್ಕದಲ್ಲಿ ಪ್ರಯೋಗಕ್ಕೆ ಕಲಸಿದ ಇನ್ನೊಂದು ಡಬ್ಬಿ ಒಣಗಿದ ಮೇಲೆ ಪಕ್ಕದಲ್ಲಿಟ್ರೆ ಒಂಚೂರು ಹಳದಿ. ಕೈಯಲ್ಲಿ ಹಿಡಿದು ನೋಡಿದ್ರೆ ಗೊತ್ತಾಗಲ್ಲ, ಗೋಡೆ ಮೇಲೆ ಅಕ್ಕಪಕ್ಕ ಬಂದ್ರೆ ಜಾಯಿಂಟ್‌ನಲ್ಲಿ ಗೀರು ಎಳೆದಂಗೆ ಕಾಣತ್ತೆ. ಅಂಗಡಿಯಿಂದ ರೋಲ್ ತಗೊಳೋರೂ ಅಷ್ಟೇ, ಲೇಬಲ್ ಮೇಲೆ ಬ್ಯಾಚ್ ನಂಬರ್ ಇರತ್ತೆ, ಎಲ್ಲಾ ರೋಲಲ್ಲೂ ಅದು ಒಂದೇನಾ ನೋಡ್ಕೊಂಡು ಒಂದು ಎಕ್ಸ್‌ಟ್ರಾ ತಗೊಳ್ಳಿ. ಆ ಬಕೆಟ್ ಖಾಲಿ ಆದ ದಿನ ಈ ಎಡಿಷನ್ ಮುಗೀತು, ಸ್ಟಿಕ್ಕರ್ ಬೇಕಾಗಿಲ್ಲ.

ಆಗಸ್ಟ್

ಮೂರನೇ ಬಣ್ಣ, ಹಣ್ಣಡಿಕೆಯ ಕಿತ್ತಳೆ ಕೆಂಪು, ಮುಗೀತು. ಇದು ಸುಲಭ, ಅಲ್ಲಲ್ಲಿ ನಾಲ್ಕು ಅಡಿಕೆ ಅಷ್ಟೇ. ಆದ್ರೆ ಈ ನಾಲ್ಕು ಚುಕ್ಕೆ ಬಿದ್ದ ತಕ್ಷಣ ಇಡೀ ಪಟ್ಟಿಗೆ ಜೀವ ಬಂತು, ಅಲ್ಲೀವರೆಗೆ ಸ್ವಲ್ಪ ಆಸ್ಪತ್ರೆ ಪರದೆ ಬಣ್ಣ ಅನ್ನಿಸ್ತಿತ್ತು.

ಗೋಡೆ ರೆಡಿ ಮಾಡೋದು ಬೋರಿಂಗು, ಬೇಗ ಹೇಳ್ತೀನಿ. ಲೂಸ್ ಆಗಿದ್ದ ಹಳೇ ಪೇಂಟ್ ಕೆರೆದು, ಪುಟ್ಟಿ, ಸ್ಯಾಂಡ್‌ಪೇಪರ್, ಪ್ರೈಮರ್. ಮಳೆಗಾಲ ಆದ್ರಿಂದ ತೇವ ಇದೆಯಾ ಅಂತ ಪ್ಲಾಸ್ಟಿಕ್ ಶೀಟನ್ನ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಬಿಟ್ಟಿದ್ದೆ, ಮಾರನೇ ದಿನ ತೆಗೆದಾಗ ಹಿಂದೆ ಹನಿ ಕಟ್ಟಿರ್ಲಿಲ್ಲ. ಹೊರಗೋಡೆ ಆಗಿದ್ದಿದ್ರೆ ಮಳೆ ಮುಗಿಯೋವರೆಗೂ ಮುಟ್ತಿರ್ಲಿಲ್ಲ, ಇದು ಎರಡು ರೂಮಿನ ಮಧ್ಯದ್ದು.

ಅಂಟು ಮೈದಾದ್ದೇ, ನೀರಲ್ಲಿ ಕದಡಿ ಸಣ್ಣ ಉರೀಲಿ ಕಾಯಿಸಿ ಗಂಟಿಲ್ಲದ ಹಾಗೆ ಸೋಸಿದ್ದು, ಅದಕ್ಕೆ ಚಿಟಿಕೆ ಮೈಲುತುತ್ತ. ಬುಕ್ ಬೈಂಡಿಂಗ್ ಮಾಡೋ ಹಳಬರೆಲ್ಲ ಹಾಕ್ತಿದ್ದದ್ದು ಇದೇ, ಇಲ್ಲಾಂದ್ರೆ ಜಿರಳೆ, ಬೆಳ್ಳಿಹುಳ ಎಲ್ಲದಕ್ಕೂ ಊಟಕ್ಕೆ ಕರೆದಂಗೆ. ಮೈಲುತುತ್ತ ವಿಷ, ಗ್ಲವ್ಸ್ ಹಾಕಿ, ಆ ಪಾತ್ರೆ ಮತ್ತೆ ಅಡುಗೆಗೆ ತರಬೇಡಿ. ಪೇಪರ್ ನಾನ್‌ವೋವನ್, ಅಂದ್ರೆ ನೆಯ್ಯದೆ ನಾರು ಒತ್ತಿ ಮಾಡಿದ ಹಾಳೆ, ಆದ್ರಿಂದ ಅಂಟು ಗೋಡೆಗೇ ಬಳಿದ್ರೆ ಸಾಕು, ಮಾಮೂಲಿ ಪೇಪರ್ ಥರ ನೆನೆದು ಅಗಲ ಆಗೋ ಕಾಟ ಇಲ್ಲ.

ಕಿಟಕಿ ಕಡೆಯಿಂದ ಶುರು. ಮೂಲೆಗಳು ಯಾವ ಮನೇಲೂ ನೆಟ್ಟಗಿರಲ್ಲ, ಅದನ್ನ ನಂಬ್ಕೊಂಡು ಮೊದಲ ಪಟ್ಟಿ ಅಂಟಿಸಿದ್ರೆ ಏಳನೇದಕ್ಕೆ ಬರೋ ಹೊತ್ತಿಗೆ ಹಿಂಗಾರ ಎಲ್ಲಾ ವಾಲ್ಕೊಂಡಿರತ್ತೆ. ಗಾರೆಯವರ ತೂಕದ ಗುಂಡು ಇಳಿಬಿಟ್ಟು ಪೆನ್ಸಿಲ್ ಗೆರೆ ಎಳೆದು ಅದಕ್ಕೇ ಹೊಂದಿಸಿದ್ದು. ನಮ್ಮ ಮೂಲೆ ಮೇಲಿಂದ ಕೆಳಗೆ ಬರೋ ಅಷ್ಟರಲ್ಲಿ ಒಂದು ಬೆರಳಗಲ ಒಳಗೆ ಸರಿದಿತ್ತು, ಮೊದಲ ಪಟ್ಟಿಯ ಅಂಚು ಅಷ್ಟು ಕತ್ತರಿಸಬೇಕಾಯ್ತು.

ಐದು ಪಟ್ಟಿ ಗೋಡೆ ಮೇಲಿದೆ. ಜಾಯಿಂಟ್‌ಗಳು ಕೂಡಿವೆ, ಮೂರನೇದರ ಹತ್ರ ಮಾತ್ರ ಎಳೆ ಅರ್ಧ ಮಿಲಿಮೀಟರ್ ಆಚೀಚೆ, ಅಲ್ಲಿಗೆ ಲ್ಯಾಂಪ್ ಸ್ಟ್ಯಾಂಡ್ ಬರತ್ತೆ. ಆರನೇದರಲ್ಲಿ ಸ್ವಿಚ್‌ಬೋರ್ಡ್ ಇದೆ, ಎಂಸಿಬಿ ಆಫ್ ಮಾಡಿ ಪ್ಲೇಟ್ ಬಿಚ್ಚಿ ಪೇಪರ್ ಅದರಡಿ ಮಡಚಬೇಕು, ಅದಕ್ಕೆ ಹಗಲು ಬೆಳಕು ಬೇಕು, ಶನಿವಾರಕ್ಕೆ ಇಟ್ಕೊಂಡಿದೀನಿ.

ಸ್ಪೇರ್ ಎರಡಕ್ಕೆ ನಂಬರ್ ಹಾಕಿ ಸೈನ್ ಮಾಡಿ ಕೊಡು, ಫ್ರೇಮ್ ಹಾಕಿಸ್ತೀವಿ ಅಂತ ಇಬ್ರು ಫ್ರೆಂಡ್ಸ್ ಕೇಳ್ತಿದಾರೆ. ಒಂದು ಕೊಡ್ತೀನಿ, ಇನ್ನೊಂದು ರಿಪೇರಿಗೆ ಮನೇಲೇ ಇರ್ಬೇಕು. ನಂಬರ್ ಹಾಕಲ್ಲ. ತಂಗಿಗೆ ಇದೇ ಅಚ್ಚಲ್ಲಿ ಕೆಮ್ಮಣ್ಣು ಗ್ರೌಂಡ್ ಮೇಲೆ ಬೇಕಂತೆ, ಶಿವಮೊಗ್ಗದ ಮನೆಗೆ, ಹಾಗಾಗಿ ಅಚ್ಚು ಕೆಡಿಸೋ ಮಾತಿಲ್ಲ. ಹಿಂದ್ಗಡೆ ಪೆನ್ಸಿಲಲ್ಲಿ 'ಮೊದಲ ಬಕೆಟ್' ಅಂತ ಬರೆದು ತಿಂಗಳು, ವರ್ಷ ಹಾಕ್ತೀನಿ, ಅಷ್ಟೇ. ಲಿನೋ ಅಂಚು ಎರಡು ಕಡೆ ಸವೆದಿದೆ, ಶಿವಮೊಗ್ಗದ ಕೆಲಸಕ್ಕೆ ಮುಂಚೆ ಕೆನೆ ಬಣ್ಣದ ಅಚ್ಚು ಹೊಸದಾಗಿ ಕೆತ್ತಬೇಕಾಗತ್ತೆ.