ಬಣ್ಣ ನೋಡಿ ಗ್ರೀಸ್ ತುಂಬಿದ ತಪ್ಪು

ಆಕ್ಸಲ್‌ ತುದಿಯ ಚಕ್ರದ ಬೇರಿಂಗುಗಳಿಗೆ ಗ್ರೀಸ್ ತುಂಬುವಾಗ ನಾನು ಬಹಳ ಕಾಲ ಗಮನಿಸುತ್ತಿದ್ದುದು ಬಣ್ಣವನ್ನು ಮಾತ್ರ. ಚಕ್ರದ ನಡುಭಾಗವಾದ ಹಬ್ಬಿನೊಳಗೆ ನೀಲಿ ಕಂಡರೆ ನೀಲಿ ಡಬ್ಬಿಯನ್ನೇ ತೆರೆಯುತ್ತಿದ್ದೆ. ಹಾಗೆ ತುಂಬಿದ ಒಂದು ಸಲ, ಕೆಲವೇ ವಾರಗಳಲ್ಲಿ ಅದು ನೀರಾಗಿ, ಸೀಲಿನ ಅಂಚಿನಿಂದ ಸೋರಿ ಬ್ರೇಕ್ ಡ್ರಮ್ಮಿನೊಳಗೆ ಇಳಿದು, ಲೈನರುಗಳನ್ನೇ ಬದಲಿಸಬೇಕಾಯಿತು. ಬಣ್ಣವೆಂಬುದು ತಯಾರಕರು ತಮ್ಮ ಇಷ್ಟದಂತೆ ಬೆರೆಸುವುದೇ ಹೊರತು ಒಳಗಿನ ವಸ್ತುವಿನ ಗುರುತಲ್ಲವೆಂದು ತಿಳಿದದ್ದು ಆಮೇಲೆ.

ಗ್ರೀಸಿನ ಬಹುಪಾಲು ಎಣ್ಣೆಯೇ. ಅದನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಂಡು, ಬೇರಿಂಗ್ ತಿರುಗುವಾಗ ಸ್ವಲ್ಪಸ್ವಲ್ಪವೇ ಬಿಡುವ ಕೆಲಸ ಅದರಲ್ಲಿರುವ ಗಟ್ಟಿಕಾರಕದ್ದು. ಇದು ಲಿಥಿಯಂ, ಲಿಥಿಯಂ ಕಾಂಪ್ಲೆಕ್ಸ್, ಕ್ಯಾಲ್ಸಿಯಂ ಮುಂತಾದ ಲೋಹದ ಸಾಬೂನಾಗಿರಬಹುದು, ಇಲ್ಲವೇ ಸಾಬೂನೇ ಅಲ್ಲದ ಪಾಲಿಯೂರಿಯಾ ಅಥವಾ ಬೆಂಟೊನೈಟ್ ಜೇಡಿಯಾಗಿರಬಹುದು. ಒಂದಕ್ಕೊಂದು ಹೊಂದದ ಎರಡು ಗಟ್ಟಿಕಾರಕಗಳು ಕೂಡಿದರೆ ಆ ಹಿಡಿತ ಸಡಿಲಿ ಎಣ್ಣೆ ಬೇರ್ಪಡುತ್ತದೆ. ಕೆಲವೊಮ್ಮೆ ಮಿಶ್ರಣ ಅತಿಯಾಗಿ ಗಟ್ಟಿಯಾಗಿ, ರೋಲರುಗಳಿಗೆ ಎಣ್ಣೆಯೇ ಸಿಗದಂತಾಗುತ್ತದೆ. ಲಿಥಿಯಂ ಮತ್ತು ಲಿಥಿಯಂ ಕಾಂಪ್ಲೆಕ್ಸ್ ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ, ಬೆಂಟೊನೈಟ್ ಹೆಚ್ಚಿನವುಗಳೊಂದಿಗೆ ಹೊಂದುವುದಿಲ್ಲ, ಪಾಲಿಯೂರಿಯಾದ ವಿಷಯದಲ್ಲಿ ತಯಾರಿಕೆಯಿಂದ ತಯಾರಿಕೆಗೆ ವ್ಯತ್ಯಾಸವಿದೆ. ಎಣ್ಣೆಯನ್ನೂ ನೋಡಬೇಕು: ಖನಿಜ ತೈಲಕ್ಕೂ ಪಿಎಒ ಎಂಬ ಸಂಶ್ಲೇಷಿತ ತೈಲಕ್ಕೂ ಜಗಳವಿಲ್ಲ, ಆದರೆ ಸಿಲಿಕೋನ್ ಇವೆರಡರೊಂದಿಗೂ ಬೆರೆಯದು.

ಡಬ್ಬಿಯ ಮೇಲಿನ ಎನ್‌ಎಲ್‌ಜಿಐ 2 ಎಂಬ ಅಂಕೆಯನ್ನು ಹೊಂದಾಣಿಕೆಯ ಭರವಸೆಯೆಂದು ಭಾವಿಸುವವರು ಅನೇಕರಿದ್ದಾರೆ. ಅದು ಹೇಳುವುದು ಮೆದುತನವನ್ನಷ್ಟೇ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮೊದಲೇ ಕಲಸಿದ ಗ್ರೀಸಿನೊಳಗೆ ಗೊತ್ತಾದ ತೂಕದ ಶಂಕು 26.5ರಿಂದ 29.5 ಮಿಲಿಮೀಟರ್ ಇಳಿಯುತ್ತದೆ ಎಂದು. ಚಕ್ರದ ಬೇರಿಂಗಿಗೂ ಚಾಸಿಗೂ ತಕ್ಕುದೆಂದು ಸೂಚಿಸುವ ಜಿಸಿ-ಎಲ್‌ಬಿ ಗುರುತು ಇದಕ್ಕಿಂತ ಉಪಯುಕ್ತ. ಆದರೂ ಆ ಗುರುತಿರುವ ಎರಡು ಗ್ರೀಸುಗಳು ಪರಸ್ಪರ ಹೊಂದಲೇಬೇಕೆಂದಿಲ್ಲ. ಎಎಸ್‌ಟಿಎಂ ಡಿ 6185 ಎಂಬ ಪರೀಕ್ಷೆ ಇದಕ್ಕಾಗಿಯೇ ಇದ್ದು, ಅದರಲ್ಲಿ ಎರಡನ್ನೂ ಮೊದಲು ಸಮಪಾಲಿನಲ್ಲಿ ಬೆರೆಸಿ, ಕರಗಿ ತೊಟ್ಟಿಕ್ಕುವ ತಾಪಮಾನ, ಕಲಸಿದಾಗಿನ ಸ್ಥಿರತೆ, ಬಿಸಿಯಲ್ಲಿ ಇಟ್ಟಾಗಿನ ಸ್ಥಿರತೆ ಇವುಗಳನ್ನು ನೋಡುತ್ತಾರೆ. ಅಂಗಳದಲ್ಲಿ ಕುಳಿತು ಬೆರಳಿನಿಂದ ಕಲಸಿ ನೋಡಿದರೆ ಇದು ತಿಳಿಯುವಂಥದ್ದಲ್ಲ (ನಾನು ಅದನ್ನೂ ಮಾಡಿದ್ದೇನೆ).

ಆದ್ದರಿಂದ ಹಳೆಯದು ಏನೆಂದು ಗೊತ್ತಿಲ್ಲದಿದ್ದರೆ ಮೇಲೆ ತುಂಬುವ ಯೋಚನೆಯನ್ನೇ ಬಿಟ್ಟು, ಬೇರಿಂಗನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಸದನ್ನು ಅಂಗೈಯಿಂದ ರೋಲರುಗಳ ನಡುವೆ ಒತ್ತಿ ತುಂಬುತ್ತೇನೆ. ಒಣಗಿಸಲು ಗಾಳಿಯ ಪೈಪಿನಿಂದ ಬೇರಿಂಗನ್ನು ಗಿರ್ರನೆ ತಿರುಗಿಸಬಾರದು. ಎಣ್ಣೆಯಿಲ್ಲದ ರೋಲರುಗಳು ಸವೆಯುತ್ತವೆ, ಬಿಡಿಭಾಗ ಸಿಡಿಯುವ ಅಪಾಯವೂ ಇದೆ. ಸೀಲ್ ಮಾಡಿದ ಹಬ್ಬುಗಳಲ್ಲಿ ಈ ಕೆಲಸವೇ ಇಲ್ಲ. ಎಂಜಿನ್ನಿನ ತಿರುಗುಬಲವನ್ನು ಚಕ್ರಕ್ಕೆ ಸಾಗಿಸುವ ಸಿವಿ ಜಾಯಿಂಟಿನ ಮಾಲಿಬ್ಡಿನಮ್ ಬೆರೆತ ಕಪ್ಪು ಗ್ರೀಸ್ ಉಳಿದಿದೆಯೆಂದು ಚಕ್ರದ ಬೇರಿಂಗಿಗೆ ಬಳಿಯುವ ಉಳಿತಾಯ ನನಗೆ ಒಪ್ಪಿಗೆಯಿಲ್ಲ.

ಈಗ ಪ್ರತಿ ಸಲವೂ ಡಬ್ಬಿಯ ಚೀಟಿಯನ್ನು ಬಿಡಿಸಿ, ದಿನಾಂಕ ಮತ್ತು ಓಡಿದ ಕಿಲೋಮೀಟರಿನೊಂದಿಗೆ ವಾಹನದ ಪುಸ್ತಕದಲ್ಲಿ ಅಂಟಿಸಿಡುತ್ತಿದ್ದೇನೆ.