ಬಲ್ಬ್ ಉರಿದರೆ ಅರ್ಥಿಂಗ್ ಸರಿ ಇದೆ ಅಂತ ಅಲ್ಲ

27 ವರ್ಷ ದಾವಣಗೆರೆಯ ಮಿಲ್ಲುಗಳಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿದ್ದೇನೆ. ಮೋಟಾರು, ಸ್ಟಾರ್ಟರ್, ಪ್ಯಾನೆಲ್, ಕೇಬಲ್, ಎಲ್ಲಾ ಕೈಯಲ್ಲಿ ಹಾದುಹೋಗಿವೆ. ಈಗ ಅದನ್ನು ಬಿಟ್ಟು ಮನೆ ವೈರಿಂಗ್, ಮಾಳಿಗೆ ಮೇಲಿನ ಸೋಲಾರ್ ಕಡೆ ಬರೋಣ ಅಂದುಕೊಂಡೆ. ಅದಕ್ಕೆ ಸೂಪರ್‌ವೈಸರ್ ಪರ್ಮಿಟ್ ಬೇಕು. ನನ್ನದು ರಿನ್ಯೂ ಮಾಡಿಸದೆ ಎಷ್ಟೋ ವರ್ಷ ಆಗಿತ್ತು, ಪರೀಕ್ಷೆಗೆ ಮತ್ತೆ ಓದಬೇಕಿತ್ತು. "ಡಿಗ್ರಿ ಐತಿ, ಇಷ್ಟು ವರ್ಷದ ಅನುಭವ ಐತಿ, ಮತ್ತೇನು ಓದೋದು?" ಅಂತ ಮನೆಯಲ್ಲಿ ಕೇಳಿದರು. ನನಗೂ ಹಾಗೇ ಅನಿಸಿತ್ತು.

ಪುಸ್ತಕ ತೆರೆದ ಮೇಲೆ ಗೊತ್ತಾಯಿತು. ನಾನು ಕಾಲೇಜಿನಲ್ಲಿ ಓದಿದ್ದು 1956ರ ವಿದ್ಯುತ್ ನಿಯಮಗಳನ್ನು. ಅವು ಹೋಗಿ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಬಂತು, ಅದೂ ಹೋಗಿ 2023ರಲ್ಲಿ ಹೊಸದು ಬಂತು. ಅರ್ಥಿಂಗ್‌ನ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ) ಮಾನದಂಡ ಐಎಸ್ 3043 ಪರಿಷ್ಕರಣೆ ಆಗಿದ್ದು 2018ರಲ್ಲಿ, ವೈರಿಂಗ್‌ನ ಐಎಸ್ 732 ಆಗಿದ್ದು 2019ರಲ್ಲಿ. ಇದೆಲ್ಲ ಆಗುವಾಗ ನಾನು ದಿನಾ ಕರೆಂಟಿನ ಮಧ್ಯೆಯೇ ಇದ್ದೆ. ಒಂದನ್ನೂ ಬಿಡಿಸಿ ಓದಿರಲಿಲ್ಲ.

ನಮ್ಮ ಓಣಿಯ ಹುಡುಗನೊಬ್ಬ ಐಟಿಐ ಮುಗಿಸಿ ವೈರ್‌ಮನ್ ಪರ್ಮಿಟ್‌ಗೆ ಓದುತ್ತಿದ್ದಾನೆ. ಸಂಜೆ ಇಬ್ಬರೂ ಮಂಡಕ್ಕಿ, ಮಿರ್ಚಿ ಇಟ್ಟುಕೊಂಡು ಕೂರುತ್ತೇವೆ. ಒಂದಿನ ಕೇಳಿದ, "ಸರ್, ಮನೆ ಅರ್ಥಿಂಗ್ ಹೆಂಗೆ ಚೆಕ್ ಮಾಡ್ತೀರಿ?" ಹೋಲ್ಡರಿಗೆ 100 ವ್ಯಾಟ್ ಬಲ್ಬ್ ಹಾಕಿ ಫೇಸ್‌ಗೂ (ಕರೆಂಟ್ ಬರುವ ತಂತಿ) ಅರ್ಥ್‌ಗೂ ಹಿಡಿಯೋದು, ಪೂರ್ತಿ ಉರಿದರೆ ಸರಿ, ಮಬ್ಬಾದರೆ ಕೆಟ್ಟಿದೆ ಅಂದೆ. ಎಲ್ಲರೂ ಮಾಡುವುದು ಅದೇ ಅಲ್ವಾ. "ಬಲ್ಬ್ ಉರಿಯೋಕೆ ಅರ್ಧ ಆಂಪಿಯರ್ ಸಾಕಲ್ಲ ಸರ್?" ಅಂದ. ಅಷ್ಟೇ ಅಂದಿದ್ದು. ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ವಾರವೇ ಬಾಡಿಗೆಗೆ ಅರ್ಥ್ ಟೆಸ್ಟರ್ ತಗೊಂಡು ಚಿತ್ರದುರ್ಗಕ್ಕೆ ಹೋದೆ. ಕೋಟೆಯ ಹತ್ತಿರ ಅಕ್ಕನ ಮನೆ. ಅಲ್ಲಿ ಒಂದಡಿ ಅಗೆದರೆ ಬಂಡೆ, ನಮ್ಮ ಕಡೆಯ ಎರೆ ಮಣ್ಣಿನ ಹಾಗಲ್ಲ. ಮೊದಲು ಬಲ್ಬ್ ಹಿಡಿದೆ, ಚೆನ್ನಾಗಿಯೇ ಉರಿಯಿತು. ಆಮೇಲೆ ಟೆಸ್ಟರ್ ಹಾಕಿದೆ. 46 ಓಮ್. ನೆಲಕ್ಕೆ ಹೋಗುವ ಕರೆಂಟಿಗೆ ಇರುವ ತಡೆ ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು.

ಅಡುಗೆಮನೆ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆ. ಟ್ರಾನ್ಸ್‌ಫಾರ್ಮರ್ ಕಡೆಯ ಅರ್ಥಿಂಗ್ 2 ಓಮ್ ಅಂತಿಟ್ಟುಕೊಂಡರೆ ಒಟ್ಟು 48. ಬಲ್ಬಿನದೇ 529 ಓಮ್ ಇರುವುದರಿಂದ ಅದಕ್ಕೆ ಹೇಗೂ 211 ವೋಲ್ಟ್ ಸಿಗುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಗೀಸರಿನ ಲೋಹದ ಮೈಗೆ ಫೇಸ್ ತಾಗಿದರೆ? 230ನ್ನು 48ರಿಂದ ಭಾಗಿಸಿ, 5 ಆಂಪಿಯರ್ ಕೂಡ ಹರಿಯುವುದಿಲ್ಲ. ಕರೆಂಟು ಮಿತಿ ಮೀರಿದರೆ ಲೈನ್ ಕಡಿಯುವ 20 ಆಂಪಿಯರಿನ ಎಂಸಿಬಿ ಅಲುಗಾಡುವುದೂ ಇಲ್ಲ. ಗೀಸರ್ ಬಾಡಿಯಲ್ಲಿ 220 ವೋಲ್ಟ್ ಸುಮ್ನೆ ನಿಂತಿರುತ್ತದೆ, ಬೆಳಿಗ್ಗೆ ಅಕ್ಕ ಒದ್ದೆ ಕೈಯಲ್ಲಿ ನಲ್ಲಿ ತಿರುಗಿಸುವ ತನಕ.

ನಮ್ಮ ಎರೆ ಮಣ್ಣಿನಲ್ಲಿ 3 ಓಮ್ ಸಿಕ್ಕಿದರೂ, ಟ್ರಾನ್ಸ್‌ಫಾರ್ಮರಿನ 2 ಸೇರಿ 5, ಹರಿಯುವುದು 46 ಆಂಪಿಯರ್. ಸಿ ಟೈಪ್ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ರೇಟಿಂಗಿನ ಐದು ಪಟ್ಟಾದರೂ ಬೇಕು, ಅಂದರೆ 20ರದ್ದಕ್ಕೆ 100 ಆಂಪಿಯರ್. ಅರ್ಥಿಂಗ್ ಚೆನ್ನಾಗಿದ್ದರೆ ಎಂಸಿಬಿ ಬಿದ್ದೇ ಬೀಳುತ್ತದೆ ಅಂತ ಎಷ್ಟೋ ಜನಕ್ಕೆ ಹೇಳಿದ್ದೇನೆ. ತಪ್ಪು ಹೇಳಿದ್ದೇನೆ. ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಅಷ್ಟು ಕರೆಂಟ್ ಸೋರಿದರೂ ಲೈನ್ ಕಡಿಯುವ ಸ್ವಿಚ್) ಬೇಕು ಅನ್ನುವುದು ಇದಕ್ಕೇ.

ಅಕ್ಕನ ಮನೆಯಲ್ಲಿ ಆರ್‌ಸಿಸಿಬಿ ಇತ್ತಂತೆ! ಪದೇಪದೇ ಬೀಳುತ್ತದೆ ಅಂತ ಯಾರೋ ತೆಗೆದು ನೇರ ಕೊಟ್ಟು ಹೋಗಿದ್ದರು. ಬೋರ್ಡ್ ಬಿಚ್ಚಿ ನೋಡಿದರೆ ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನು (ಕರೆಂಟ್ ವಾಪಸ್ ಹೋಗುವ ತಂತಿ) ಬೇರೆ ನ್ಯೂಟ್ರಲ್ ಜೊತೆ ತಿರುಚಿ ಟೇಪ್ ಸುತ್ತಿದ್ದರು. ಹೋಗುವ ಕರೆಂಟೂ ಬರುವ ಕರೆಂಟೂ ಹೊಂದದಿದ್ದರೆ ಆರ್‌ಸಿಸಿಬಿ ಬೀಳಲೇಬೇಕು, ಅದರ ಕೆಲಸವೇ ಅದು. ನ್ಯೂಟ್ರಲ್ ಬಿಡಿಸಿ, ಹೊಸ ಆರ್‌ಸಿಸಿಬಿ ಹಾಕಿ, ಟೆಸ್ಟ್ ಬಟನ್ ಒತ್ತಿದೆ. ಟಕ್ ಅಂತ ಬಿತ್ತು. ತಿಂಗಳಿಗೊಮ್ಮೆ ಒತ್ತಿ ನೋಡು ಅಂತ ಅಕ್ಕನಿಗೆ ಹೇಳಿ, ಅವಳ ಕೈಯಲ್ಲೇ ಎರಡು ಸಲ ಒತ್ತಿಸಿದೆ. ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ಕಡೆ ಸ್ವಲ್ಪ ಮಣ್ಣಿತ್ತು, ಅಲ್ಲಿ ಇನ್ನೊಂದು ಎಲೆಕ್ಟ್ರೋಡ್ (ನೆಲದಲ್ಲಿ ಹೂಳುವ ಅರ್ಥಿಂಗ್ ಲೋಹ) ಹಾಕಿ ಹಳೆಯದಕ್ಕೆ ಜೋಡಿಸಿದೆವು. 46 ಇದ್ದದ್ದು 19ಕ್ಕೆ ಬಂತು. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಮತ್ತೆ ಅಳೆಯಬೇಕು.

ಸೋಲಾರ್ ಡಿಸಿ ಕಡೆ ಓದುವುದು ಇನ್ನೂ ಜಾಸ್ತಿ ಇದೆ, ಅದನ್ನು ಬೇರೆಯಾಗಿ ಬರೆಯುತ್ತೇನೆ. ಪರೀಕ್ಷೆಯೂ ಬಾಕಿ ಇದೆ. ಈ ಭಾನುವಾರ ಹುಡುಗನೂ ನಾನೂ ನಮ್ಮ ಮನೆ ಬೋರ್ಡ್ ಬಿಚ್ಚುತ್ತಿದ್ದೇವೆ. 2003ರಲ್ಲಿ ನಾನೇ ನಿಂತು ಮಾಡಿಸಿದ ವೈರಿಂಗ್. ಬಲ್ಬ್ ಹಿಡಿದು ಅರ್ಥಿಂಗ್ ಸರಿ ಇದೆ ಅಂದವನೂ ನಾನೇ.